ಹೊಙಿ ಮಾಡುವ ಕ್ರಮ

ಕೇಳುಗರಿಗೆಲ್ಲ ನಮಸ್ಕಾರ. ಇದನ್ನೇ ನ್ಯೂಜಿಲೆಂಡಿನ ಮೂಲನಿವಾಸಿಗಳ ಮಾವೋರಿ ಭಾಷೆಯಲ್ಲಿ ಹೇಳಬೇಕಾದರೆ ಮೊದಲು ನಿಮ್ಮ ತಲೆ ಎಣಿಸಬೇಕು. ಎದುರಿಗೆ ಒಬ್ಬರಿದ್ದರೆ ‘ತೇನಾ ಕೊಯೆ’, ಇಬ್ಬರಿದ್ದರೆ ‘ತೇನಾ ಕೋರುವ’, ಮೂವರೋ ಮುನ್ನೂರು ಮಂದಿಯೋ ಇದ್ದರೆ ‘ತೇನಾ ಕೌತೌ’. ಸಂಸ್ಕೃತದ ದ್ವಿವಚನ ಗೊತ್ತಿದ್ದವರಿಗೆ ಇದು ಕಷ್ಟವೇ ಅಲ್ಲ. ಯಾರಿಗೆ ಬೇಕಾದರೂ ಸಲ್ಲುವುದು ‘ಕಿಯ ಓರ’. ಚೆನ್ನಾಗಿರಿ, ಬಾಳಿ ಎಂಬ ಹಾರೈಕೆ ಅದು.

ನ್ಯೂಜಿಲೆಂಡಿಗೆ ಓದಲು, ದುಡಿಯಲು ಹೊರಟಿರುವ ನಮ್ಮ ಹುಡುಗ ಹುಡುಗಿಯರಿಗೆ ಇವತ್ತು ಒಂದೇ ಮಾತು ಹೇಳುತ್ತೇನೆ. ಅಲ್ಲಿಯ ಆಚಾರವನ್ನು ಎರವಲು ಪಡೆಯುವುದಾದರೆ ಅದರ ಕ್ರಮದ ಸಮೇತ ಪಡೆಯಿರಿ.

ಹೊಙಿಯನ್ನೇ ನೋಡಿ, ಹಣೆಗೆ ಹಣೆ, ಮೂಗಿಗೆ ಮೂಗು ಒತ್ತಿ ಮಾಡುವ ಮಾವೋರಿಗಳ ನಮಸ್ಕಾರ ಅದು. ‘ಹೊಂಗಿ’ ಅಲ್ಲ, ಗಕಾರ ಬೇಡ. ಕ ಖ ಗ ಘ ಎಂದಮೇಲೆ ಬರುವ ಙ ನಮ್ಮ ಮಕ್ಕಳು ಶಾಲೆಯಲ್ಲಿ ಕಲಿತು ಮರೆಯುವ ಅಕ್ಷರ. ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಇದನ್ನು ‘ಮೂಗು ಉಜ್ಜುವುದು’ ಎಂದು ಬರೆಯುವವರು ಇನ್ನೂ ಇದ್ದಾರೆ, ದಯವಿಟ್ಟು ನಿಲ್ಲಿಸಲಿ. ಉಜ್ಜುವುದು ಎಂಬುದೇ ಇದರಲ್ಲಿಲ್ಲ. ತಾನೆ ಎಂಬ ದೇವರು ಮಣ್ಣಿನಿಂದ ಮೊದಲ ಹೆಣ್ಣನ್ನು ರೂಪಿಸಿ ಮೂಗಿನ ಹೊಳ್ಳೆಗೆ ಉಸಿರೂದಿದ, ಅವಳು ಸೀನಿ ಜೀವ ತಳೆದಳು ಎಂಬುದು ಮಾವೋರಿ ಪುರಾಣ. ಆ ಉಸಿರಿನ ಹೆಸರು ‘ಹಾ’. ಹೊಙಿಯಲ್ಲಿ ಇಬ್ಬರು ಹಂಚಿಕೊಳ್ಳುವುದು ಅದನ್ನೇ.

ಮಾಡುವ ಬಗೆ ಹೀಗೆ. ಕನ್ನಡಕವಿದ್ದರೆ ಸಾಲಿನಲ್ಲಿ ನಿಂತಾಗಲೇ ತೆಗೆದುಬಿಡಿ. ಎದುರಿನವರ ಬಲಗೈ ಹಿಡಿದು ಎಡಗೈಯನ್ನು ಅವರ ತೋಳಿನ ಮೇಲಿಡಿ. ಕಣ್ಣು ತಗ್ಗಿಸಿ, ನಿಧಾನವಾಗಿ ಬಾಗಿ, ಹಣೆ ಮತ್ತು ಮೂಗನ್ನು ಮೆತ್ತಗೆ ಒತ್ತಿ, ಒಂದು ಉಸಿರಿನಷ್ಟು ಹೊತ್ತು ನಿಲ್ಲಿ. ಎದುರಿನವರು ಎರಡು ಸಲ ಒತ್ತಿದರೆ ನೀವೂ ಎರಡು ಸಲ. ಎಡವಟ್ಟಾಗುವುದು ಆತುರದಿಂದ: ಹಣೆಗೆ ಹಣೆ ಬಡಿಯುತ್ತದೆ. ಇಲ್ಲವೇ ಮುತ್ತಿಡಲು ಹೋದವರಂತೆ ಮುಖವನ್ನು ಪಕ್ಕಕ್ಕೆ ತಿರುಗಿಸುತ್ತಾರೆ, ಆಗ ಮೂಗು ಕೆನ್ನೆಗೆ ತಾಗುತ್ತದೆ.

ಆದರೆ ವಿಧಿವತ್ತಾದ ಸ್ವಾಗತದಲ್ಲಿ ಹೊಙಿ ತಾನಾಗಿ, ಒಂಟಿಯಾಗಿ ಬರುವುದಲ್ಲ. ‘ಪೋಫಿರಿ’ ಎಂಬ ಸ್ವಾಗತದ ಕೊನೆಯ ಭಾಗದಲ್ಲಿ ಅದರ ಸ್ಥಾನ. ಬಂದವರು ಸಭಾಮನೆಯ ಅಂಗಳದ ಹೊರಬಾಗಿಲಲ್ಲಿ ಕಾಯಬೇಕು. ಒಳಗಿನಿಂದ ಹೆಂಗಸರು ‘ಕರಙ’ ಎತ್ತುತ್ತಾರೆ, ಅಂದರೆ ಕರೆ. ಅದು ಕೇಳಿದ ಮೇಲೆ ನಿಧಾನವಾಗಿ ನಡೆದು, ನಡುವೆ ನಿಂತು ತೀರಿಕೊಂಡವರನ್ನು ನೆನೆಯಬೇಕು. ಆಮೇಲೆ ಭಾಷಣ, ಪ್ರತಿ ಭಾಷಣದ ಬೆನ್ನಿಗೆ ಹಾಡು. ಆಮೇಲೆ ಹೊಙಿ. ಅಲ್ಲಿಯವರೆಗೆ ನೀವು ‘ಮನುಹಿರಿ’, ಹೊರಗಿನವರು. ಹೊಙಿ ಆದಮೇಲೆ ಮನೆಯವರೊಡನೆ ಒಂದಾದಿರಿ. ಫೋಟೋಕ್ಕೋಸ್ಕರ ಕಂಡಕಂಡವರ ಮೂಗಿಗೆ ಮೂಗು ತಾಗಿಸಿದರೆ ಇದರಲ್ಲಿ ಏನುಳಿಯಿತು? ಕ್ರಮದ ಸಮೇತ ಪಡೆಯಿರಿ ಎಂದದ್ದು ಇದಕ್ಕೇ.

ಎರವಲು ಪಡೆಯುವುದು ತಪ್ಪಲ್ಲ. ಮಾವೋರಿಗಳೂ ಪಡೆದಿದ್ದಾರೆ. ಹೊಙಿಯ ಜೊತೆಗಿನ ಕೈಕುಲುಕಿಗೆ ಅವರು ‘ಹರಿರೂ’ ಎನ್ನುತ್ತಾರೆ, ಇಂಗ್ಲಿಷರ ‘ಹೌ ಡು ಯು ಡು’ ಅವರ ನಾಲಿಗೆಯಲ್ಲಿ ಹಾಗೆ ತಿರುಗಿತು.

ಇಲ್ಲಿ 1984ರ ಪ್ರಸಂಗ ಹೇಳಲೇಬೇಕು. ಆಕ್ಲೆಂಡ್‌ನ ಟ್ರಂಕ್ ಕಾಲ್ ಕೇಂದ್ರದಲ್ಲಿ ನಾಯ್ಡಾ ಗ್ಲಾವಿಷ್ ಎಂಬ ಆಪರೇಟರ್, ಙಾತಿ ಫಾತುವಾ ಕುಲದವರು. ಕರೆ ಬಂದರೆ ‘ಕಿಯ ಓರ’ ಎಂದೇ ಮಾತು ಶುರುಮಾಡುತ್ತಿದ್ದರು. ಯಾರೋ ದೂರು ಕೊಟ್ಟರು. ಇನ್ನು ಆ ಮಾತು ಬೇಡ ಎಂದು ಮೇಲಿನವರ ಅಪ್ಪಣೆಯಾಯಿತು. ಆಕೆ ಒಪ್ಪಲಿಲ್ಲ, ಆ ಜಾಗದಿಂದ ಅವರನ್ನು ಎಬ್ಬಿಸಿದರು. ಸುದ್ದಿ ಹಬ್ಬಿತು ನೋಡಿ! ‘ಕಿಯ ಓರ’ ಹೇಳುವ ಆ ಹೆಂಗಸನ್ನೇ ಮಾತಾಡಿಸಬೇಕೆಂದು ಜನ ಕೇಂದ್ರಕ್ಕೆ ಫೋನು ಮಾಡಿದರು. ವಿಮಾನದ ಪೈಲಟ್‌ಗಳು ಪ್ರಯಾಣಿಕರಿಗೆ ‘ಕಿಯ ಓರ’ ಎನ್ನತೊಡಗಿದರು. ಮಾತು ಪ್ರಧಾನಿ ಮಲ್ಡೂನ್ ಅವರವರೆಗೂ ಹೋಯಿತು, ನಿಷೇಧ ಬಿದ್ದುಹೋಯಿತು, ಆಕೆಗೆ ಕೆಲಸ ಮರಳಿ ಸಿಕ್ಕಿತು. ಮೂರು ವರ್ಷಕ್ಕೆ, 1987ರಲ್ಲಿ, ಮಾವೋರಿ ಅಧಿಕೃತ ಭಾಷೆಯಾಯಿತು. ಇವತ್ತು ಅಲ್ಲಿ ಬಿಳಿಯರೂ ಎಗ್ಗಿಲ್ಲದೆ ‘ಕಿಯ ಓರ’ ಎನ್ನುತ್ತಾರೆ. ಆ ಮಾತಿಗಾಗಿ ಅದರ ಮನೆಯ ಹೆಣ್ಣುಮಗಳೊಬ್ಬಳು ಕೆಲಸವನ್ನೇ ಪಣಕ್ಕಿಟ್ಟಿದ್ದಳು ಎಂಬುದು ಹೇಳುವವರ ನೆನಪಿನಲ್ಲಿರಲಿ.

ಸಮಯ ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. ನ್ಯೂಜಿಲೆಂಡಿನ ರಗ್ಬಿ ಆಟಗಾರರು ಕುಣಿಯುವ ‘ಕಾ ಮಾತೆ’ ಎಂಬ ಹಾಕಾ, ಅಂದರೆ ಕೂಗಿ ಕುಣಿಯುವ ಹಾಡು, ರಚಿಸಿದವರು ತೇ ರೌಪರಾಹ, ಙಾತಿ ತೋವಾ ಕುಲದ ನಾಯಕರು. ವ್ಯಾಪಾರಕ್ಕೆ ಬಳಸಿದರೆ ಅವರ ಹೆಸರು ಹೇಳಬೇಕೆಂದು 2014ರಲ್ಲಿ ಕಾನೂನೇ ಬಂದಿದೆ. ಕಾಲೇಜು ದಿನಾಚರಣೆಗೆ ಅದನ್ನು ಕುಣಿಯುವವರೂ ಆ ಹೆಸರು ಹೇಳಿ.

ಪೋಫಿರಿಗೆ ಹೋಗುವಾಗ ‘ಕೊಹಾ’ ಮರೆಯಬೇಡಿ. ನಮ್ಮ ಮುಯ್ಯಿಯ ಹಾಗೆ ಅದು. ಗುಂಪಿನವರೆಲ್ಲ ಸೇರಿಸಿ ಒಂದೇ ಲಕೋಟೆ ಮಾಡಿ, ನಿಮ್ಮ ಕಡೆಯ ಕೊನೆಯ ಭಾಷಣಕಾರರಿಗೆ ಮೊದಲೇ ಕೊಡಿ, ಅವರು ನೆಲದ ಮೇಲಿಡುತ್ತಾರೆ. ಸಭಾಮನೆಗೆ ಕಾಲಿಡುವ ಮುಂಚೆ ಚಪ್ಪಲಿ ಬಿಡಿ. ಒಳಗಿನ ತಲೆದಿಂಬಿನ ಮೇಲೆ, ಊಟದ ಮೇಜಿನ ಮೇಲೆ ಕೂರಲೇಬಾರದು.

ಹೊಙಿ ಆಯಿತೆಂದು ಎದ್ದು ಹೊರಡಬೇಡಿ. ಸ್ವಾಗತದ ‘ತಪು’, ಅಂದರೆ ಅದರ ಮಡಿ, ಬಿಡುವುದು ಊಟದಿಂದ. ಮಾಂಸ ತಿನ್ನದವರು ಎರಡು ದಿನ ಮುಂಚೆಯೇ ತಿಳಿಸಿ. ಮರೆತಿದ್ದರೂ ಚಿಂತೆಯಿಲ್ಲ, ಒಂದು ಲೋಟ ಚಹಾ, ಒಂದು ತುಂಡು ಬ್ರೆಡ್ಡಾದರೂ ಅವರ ಜೊತೆ ಕೂತು ತಿಂದೇ ಏಳಿ. ನಮಸ್ಕಾರ.