ಮಲೆನಾಡಿನ ಮಳೆಯಲ್ಲಿ ಮಡಚುವ ಚಾಕು

[ದೃಶ್ಯ: ಮೇಜಿನ ಮೇಲೆ ದಪ್ಪ ಬಟ್ಟೆ, ಅದರ ಮೇಲೆ ಮಡಚಿಟ್ಟ ಚಾಕುಗಳು]

ನಮಸ್ಕಾರ, ಚಿಕ್ಕಮಗಳೂರಿನಿಂದ. ಇವತ್ತು ಮೇಜಿನ ಮೇಲಿರುವುದೆಲ್ಲ ಜೇಬಿನಲ್ಲಿಟ್ಟುಕೊಳ್ಳುವ ಹಳೇ ಕಾಲದ ಚಾಕುಗಳು. ಗುಂಡಿ ಒತ್ತಿದರೆ ಚಿಮ್ಮುವ ಸಿನಿಮಾ ಚಾಕು ಇಲ್ಲಿಲ್ಲ, ಅದನ್ನು ನೋಡಲು ಬಂದವರು ಕ್ಷಮಿಸಿ. ಹಗ್ಗ ಕೊಯ್ಯಲು, ಹಣ್ಣು ಹೆಚ್ಚಲು, ಪೆನ್ಸಿಲ್ ಚೂಪು ಮಾಡಲು ಬಳಸುತ್ತಿದ್ದ ಚಾಕುಗಳಿವು.

ಇವುಗಳಲ್ಲಿ ಹೆಚ್ಚಿನವಕ್ಕೆ ಲಾಕ್ ಇರುವುದಿಲ್ಲ. ಹಾಗಾದರೆ ಅಲಗು ನಿಲ್ಲುವುದು ಹೇಗೆ?

[ದೃಶ್ಯ: ಹಿಡಿಯ ಬೆನ್ನು, ತೀರಾ ಹತ್ತಿರದಿಂದ]

ಹಿಡಿಯ ಬೆನ್ನಿನಲ್ಲಿ ಉದ್ದಕ್ಕೆ ಒಂದು ಉಕ್ಕಿನ ಪಟ್ಟಿ ಕಾಣುತ್ತಿದೆ ಅಲ್ವಾ? ಅದೇ ಸ್ಪ್ರಿಂಗ್. ಅಲಗಿನ ಬುಡವನ್ನು ಸದಾ ಒತ್ತಿಕೊಂಡಿರುತ್ತದೆ. ತೆರೆಯುವಾಗ ಬುಡದ ಮೂಲೆ ಸ್ಪ್ರಿಂಗನ್ನು ಎತ್ತುತ್ತದೆ. ಮೂಲೆ ದಾಟಿದ ಕೂಡಲೇ ಟಕ್ ಅಂತ ಕೂರುತ್ತದೆ. ಇದಕ್ಕೆ ಸ್ಲಿಪ್‌ಜಾಯಿಂಟ್ ಎನ್ನುತ್ತಾರೆ. ಕೊಳ್ಳುವ ಮೊದಲು ಕಣ್ಣಿಗಿಂತ ಕಿವಿಗೆ ಕೆಲಸ ಕೊಡಿ. ತೆರೆಯುವಾಗಲೂ ಮುಚ್ಚುವಾಗಲೂ ಸದ್ದು ಗಟ್ಟಿಯಾಗಿ ಬರಬೇಕು. ಮಂಕಾಗಿದ್ದರೆ ಒಳಗೆ ಕೊಳೆ ತುಂಬಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ. ಕೊಳೆಯಾದರೆ ತೊಳೆಯಬಹುದು. ಸೋತ ಸ್ಪ್ರಿಂಗಿಗೆ ದುಡ್ಡು ಕೊಡಬೇಡಿ. ಒಂದು ಮಾತು: ಲಾಕ್ ಇಲ್ಲದ ಚಾಕುವಿನ ಮೊನೆ ಒತ್ತಿ ಚುಚ್ಚುವ ಕೆಲಸ ಮಾಡಿದರೆ ಅದು ಬೆರಳ ಮೇಲೇ ಮಡಚಿಕೊಳ್ಳುತ್ತದೆ.

ಇನ್ನು ಬುಡದ ಮುದ್ರೆ. ಹಳೇ ಚಾಕು ಕೂಡಿಡುವವರು ಭೂತಗನ್ನಡಿ ಹಿಡಿದು ಕೂರುವುದೇ ಇದಕ್ಕೆ. ಇಂಗ್ಲೆಂಡಿನ ಷೆಫೀಲ್ಡ್ ಊರಿನ ಈ ಚಾಕು ನೋಡಿ, ಒಂದು ನಕ್ಷತ್ರ, ಪಕ್ಕದಲ್ಲಿ ಮಾಲ್ಟೀಸ್ ಶಿಲುಬೆ. ಇದು ಜೋಸೆಫ್ ರಾಜರ್ಸ್ ಕಂಪನಿಯ ಗುರುತು. ಅಮೆರಿಕದ ಕೇಸ್ ಕಂಪನಿಯದು ಇನ್ನೂ ಮಜಾ. 1970ರಲ್ಲಿ ಹೆಸರಿನ ಕೆಳಗೆ 10 ಚುಕ್ಕೆ ಹಾಕಿದರು, ಆಮೇಲೆ ವರ್ಷಕ್ಕೊಂದು ಚುಕ್ಕೆ ಕಡಿಮೆ. ಇದರಲ್ಲಿ 7 ಚುಕ್ಕೆ ಇದೆ, ಅಂದರೆ 1973ರ ಮಾಲು. ಸಾಣೆ ಹಿಡಿಯುವವರು ಹೊಳಪು ಕೊಡುವ ಹುಮ್ಮಸ್ಸಿನಲ್ಲಿ ಮೊದಲು ಅಳಿಸುವುದೂ ಈ ಮುದ್ರೆಯನ್ನೇ. ಹಾಗಾಗಿ ಹಳೇ ಚಾಕು ಸಿಕ್ಕರೆ ದಯವಿಟ್ಟು ಅದನ್ನು ಫಳಫಳ ಮಾಡಿಸಬೇಡಿ.

[ದೃಶ್ಯ: ಕಸಿ ಚಾಕು, ಎರಡೂ ಬದಿ ತಿರುಗಿಸಿ ತೋರಿಸುವುದು]

ನನಗೆ ಅತಿ ಇಷ್ಟ ಇದು. ಕಸಿ ಚಾಕು. ಷೋಕೇಸಿನಲ್ಲಿ ಇದಕ್ಕೆ ಜಾಗ ಕೊಡುವವರು ಕಡಿಮೆ, ಆದರೆ ತೋಟದ ಊರಿನವರು ನಾವು, ಇದನ್ನು ಬಿಟ್ಟು ಹೇಗೆ? ಬೇರೆ ಚಾಕುಗಳ ಬಾಯಿ ಎರಡೂ ಕಡೆಯಿಂದ ಇಳಿಜಾರು. ಕಸಿಗೆಂದೇ ಮಾಡಿದ ಚಾಕುಗಳಲ್ಲಿ ಹೆಚ್ಚಾಗಿ ಒಂದು ಬದಿ ಪೂರ್ತಿ ಚಪ್ಪಟೆ. ಹಾಗಿದ್ದರೇ ಕೊಯ್ತ ಸಮನಾಗಿ ಬರುತ್ತದೆ, ಎರಡು ಗಿಡದ ಹಸಿ ಮೈ ಸಂದಿಲ್ಲದೆ ಕೂಡಿಕೊಳ್ಳುತ್ತದೆ. ಎಡಗೈಯವರು ಇಳಿಜಾರು ಯಾವ ಕಡೆಗಿದೆ ಅಂತ ನೋಡಿಯೇ ಕೊಳ್ಳಬೇಕು. ಗಿಡದ ಕಣ್ಣು, ಅಂದರೆ ಮೊಗ್ಗು, ಕೂಡಿಸಲು ಬಳಸುವ ಕೆಲವು ಚಾಕುಗಳಲ್ಲಿ ತೊಗಟೆ ಎಬ್ಬಿಸಲು ಒಂದು ಮೊಂಡು ನಾಲಿಗೆಯೂ ಇರುತ್ತದೆ.

ಈಗ ನಮ್ಮ ಊರಿನ ನಿಜವಾದ ಕಷ್ಟಕ್ಕೆ ಬರೋಣ. ಮಳೆ.

[ದೃಶ್ಯ: ಕಿಟಕಿಯಾಚೆ ಜಡಿಮಳೆ, ಮೇಜಿನ ಮೇಲೆ ಮರದ ಹಿಡಿಯ ಒಪಿನೆಲ್]

ಫ್ರಾನ್ಸಿನ ಸವೊಯಾ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಈ ಚಾಕು ಮಾಡಿದ. ತಿರುಗಿಸಿ ಬಿಗಿ ಮಾಡುವ ಈ ಉಂಗುರ ಬಂದದ್ದು 1955ರಲ್ಲಿ. ಸರಳ, ಹಗುರ, ಬೆಲೆಯೂ ಜಾಸ್ತಿಯಲ್ಲ. ಆದರೆ ಹಿಡಿ ಮರದ್ದು. ಆಷಾಢದ ತೇವಕ್ಕೆ ಮರ ಊದಿಕೊಂಡು ಅಲಗನ್ನು ಹಿಡಿದುಬಿಡುತ್ತದೆ. ಉಗುರು ಕಿತ್ತರೂ ಬರುವುದಿಲ್ಲ. ಅದಕ್ಕೆ ಸವೊಯಾದವರೇ ಕಂಡುಕೊಂಡ ಉಪಾಯವಿದೆ. ಉಂಗುರ ಸಡಿಲಿಸಿ, ಹಿಡಿಯ ಹಿಂತುದಿಯನ್ನು ಮೇಜಿಗೆ ಹೀಗೆ ಕುಟ್ಟಿ. ಅಲಗು ಒಂದಿಷ್ಟು ಮೇಲೇಳುತ್ತದೆ. ಆಮೇಲೆ ಬೆರಳಿನಿಂದ ಎತ್ತಿದರಾಯಿತು.

ಹಳೆಯವು ಹೆಚ್ಚಿನವು ಕಾರ್ಬನ್ ಉಕ್ಕಿನವು. ನಿಂಬೆ, ಮಾವಿನಕಾಯಿ ಕೊಯ್ದರೆ ಬೂದಿ ಬಣ್ಣಕ್ಕೆ ತಿರುಗುತ್ತವೆ. ಅದನ್ನು ಉಜ್ಜಬೇಡಿ, ಅಲಗಿಗೆ ಒಳ್ಳೆಯದೇ. ಕೆಂಪು ಪುಡಿ ಕಂಡರೆ ಮಾತ್ರ ತುಕ್ಕು, ಅವತ್ತೇ ತೆಗೆಯಿರಿ. ಚರ್ಮದ ಚೀಲ ನೋಡಲು ಚೆಂದ, ಆದರೆ ಮಳೆಗಾಲದಲ್ಲಿ ಅದರೊಳಗೆ ಚಾಕು ಇಟ್ಟು ಮರೆತರೆ ಮುಗಿಯಿತು, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿ, ಶೂ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ, ಇಷ್ಟು ಸಾಕು.

ಎಣ್ಣೆ ಯಾವುದು? ಮನೆಯಲ್ಲಿ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಆದರೆ ಅದು ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ. ನಮ್ಮ ಡಿಸೆಂಬರ್ ಬೆಳಗಿನಲ್ಲಿ ಕೀಲೊಳಗೆ ಅದು ಬೆಣ್ಣೆಯಾಗಿ ಕೂತಿರುತ್ತದೆ. ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಬಿಡಿ. ಜಾಸ್ತಿ ಬಿಟ್ಟರೆ ಧೂಳು ಕೂರುತ್ತದೆ ಅಷ್ಟೇ.

ಹಿಡಿ ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್‌ದಾಗಿದ್ದರೆ ಅದನ್ನು ಬೇರೆಯೇ ಇಡಿ. ಹಳೇ ಸೆಲ್ಯುಲಾಯ್ಡ್ ಕೆಡುತ್ತಾ ಆಮ್ಲದ ಆವಿ ಬಿಡುತ್ತದೆ, ಪಕ್ಕದ ಚಾಕುಗಳಿಗೂ ತುಕ್ಕು ಹಿಡಿಸುತ್ತದೆ. ಇದಕ್ಕೆ ಮಾತ್ರ ಮುಚ್ಚಿದ ಡಬ್ಬಿ ಬೇಡ, ಗಾಳಿಯಾಡಬೇಕು.

[ದೃಶ್ಯ: ಇಬ್ಬರು ಚಾಕು ಬದಲಾಯಿಸಿಕೊಳ್ಳುವುದು]

ಗೆಳೆಯರು ಸೇರಿದಾಗ ಚಾಕು ಕೈಯಿಂದ ಕೈಗೆ ಬೇಡ. ಉಪ್ಪು ಕೊಡುವಾಗ ಮಾಡುವ ಹಾಗೆ ಮಡಚಿ ಕೆಳಗಿಡಿ, ಅವರು ತಗೊಳ್ಳಲಿ. ಬೇರೆಯವರ ಚಾಕುವಿನ ಬಾಯಿ ಹರಿತ ಇದೆಯಾ ಅಂತ ಸುಮ್ನೆ ಏನನ್ನಾದರೂ ಕೊಯ್ದು ನೋಡಬೇಡಿ, ಮೊದಲು ಕೇಳಿ.

ಕಾನೂನಿನ ವಿಷಯ ಹಲವರು ಕೇಳುತ್ತಾರೆ. 2016ರ ಆಯುಧ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳು. ಮನೆ, ಬೇಸಾಯದ ಕೆಲಸಕ್ಕೆ ಮಾಡಿದವು ಅದರಲ್ಲಿಲ್ಲ. ಇಲ್ಲಿರುವ ಯಾವ ಅಲಗೂ 4 ಇಂಚು ದಾಟುವುದಿಲ್ಲ. ಹಾಗಂತ ಜಾತ್ರೆಯಲ್ಲಿ, ಬಸ್ಸಿನಲ್ಲಿ ತೆಗೆದು ಆಡಿಸುತ್ತಾ ನಿಂತರೆ ಪೊಲೀಸರು ಇಂಚುಪಟ್ಟಿ ಹುಡುಕುತ್ತಾ ಕೂರುವುದಿಲ್ಲ. ವಿಮಾನ ಹತ್ತುವವರು ಮನೆಯಲ್ಲೇ ಜೇಬು ತಡಕಿ ನೋಡಿಕೊಳ್ಳಿ. ಕೈಚೀಲದಲ್ಲಿ ಚಾಕು ಬಿಡುವುದಿಲ್ಲ, ಚೆಕ್‌ಇನ್ ಲಗೇಜಿಗೆ ಹಾಕಿ.

ಮುಂದಿನ ವಿಡಿಯೋದಲ್ಲಿ ಸಾಣೆಕಲ್ಲು. ಮನೆಯ ಹಳೇ ಪೆಟ್ಟಿಗೆಯಲ್ಲಿ ಇಂಥದ್ದೇನಾದರೂ ಸಿಕ್ಕರೆ ಬುಡದ ಮುದ್ರೆಯ ಫೋಟೋ ತೆಗೆದು ಕಳಿಸಿ. ಅಲ್ಲಿಯವರೆಗೂ ಅದಕ್ಕೆ ಉಪ್ಪುಕಾಗದ ತಾಗಿಸಬೇಡಿ.