ಮೊದಲು ಸಂಶೋಧನೆ, ಆಮೇಲೆ ಪದವಿ

ಕೇಳುಗರಿಗೆಲ್ಲ ನಮಸ್ಕಾರ. ವಿಶ್ವವಿದ್ಯಾಲಯದಲ್ಲಿ ಹೊಸ ಪದವಿಗಳು ಹುಟ್ಟೋದು ಹೇಗೆ, ಸಂಶೋಧನೆ ಬೆಳೆಯೋದು ಹೇಗೆ ಅಂತ ಮಾತಾಡಲು ಕರೆದಿದ್ದಾರೆ. ಮಗಳನ್ನೋ ಮಗನನ್ನೋ ಯಾವ ಡಿಗ್ರಿಗೆ ಸೇರಿಸೋದು ಅಂತ ತಲೆ ಕೆಡಿಸಿಕೊಂಡಿರುವ ಅಪ್ಪ ಅಮ್ಮಂದಿರು ಕೇಳುತ್ತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ನಾನು ಹೇಳೋದು ಒಂದೇ ಮಾತು. ಮೊದಲು ಸಂಶೋಧನೆ, ಆಮೇಲೆ ಪದವಿ.

ಆಗುತ್ತಿರೋದು ಉಲ್ಟಾ. ಕೋರ್ಸಿಗೆ ಒಂದು ಚೆಂದದ ಹೆಸರು ಇಡುತ್ತಾರೆ. ಸಿಲೆಬಸ್ ಬರೆಯುತ್ತಾರೆ. ಅರ್ಜಿ ಕರೆಯುತ್ತಾರೆ. ಪಾಠ ಮಾಡೋರು ಯಾರು, ಲ್ಯಾಬ್ ಎಲ್ಲಿ ಅನ್ನೋ ಪ್ರಶ್ನೆ ಏಳೋದು ಎರಡನೇ ಸೆಮಿಸ್ಟರಿನಲ್ಲಿ. ಕೂಸು ಹುಟ್ಟುವ ಮುಂಚೆ ಕುಲಾವಿ!

1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ಶುರುವಾದಾಗ ಅದರ ಹಿಂದೆ ಇದ್ದವರು ಜರ್ಮನಿಯ ವಿದ್ವಾಂಸ ವಿಲ್ಹೆಲ್ಮ್ ಹಂಬೋಲ್ಟ್. ಪಾಠ ಬೇರೆ, ಸಂಶೋಧನೆ ಬೇರೆ ಅಲ್ಲ, ಮೇಷ್ಟ್ರೂ ವಿದ್ಯಾರ್ಥಿಯೂ ಇಬ್ಬರೂ ಇರೋದು ಹೊಸದನ್ನು ಹುಡುಕೋಕೆ ಅನ್ನೋದು ಅವರ ವಾದ. ವಾದವೇನೋ ಸರಿ. ಅದನ್ನು ಕೈಯಲ್ಲಿ ಮಾಡಿ ತೋರಿಸಿದ ಊರು ಗೀಸನ್. ಇದರ ಕಥೆ ಹೇಳದೆ ನನಗೆ ಸಮಾಧಾನ ಇಲ್ಲ.

ಗೀಸನ್ ಜರ್ಮನಿಯ ಒಂದು ಪುಟ್ಟ ಊರು. 1824ರಲ್ಲಿ ಅಲ್ಲಿಗೆ ರಸಾಯನಶಾಸ್ತ್ರ ಕಲಿಸಲು ಯುಸ್ಟುಸ್ ಲೀಬಿಗ್ ಬಂದರು. ವಯಸ್ಸು ಬರೀ 21. ಅವರ ಲ್ಯಾಬಿಗೆ ಸಿಕ್ಕಿದ್ದು ಖಾಲಿ ಬಿದ್ದಿದ್ದ ಸೈನಿಕರ ಕಾವಲು ಕಟ್ಟಡ. ಆ ಕಾಲದಲ್ಲಿ ಸಾಮಾನ್ಯವಾಗಿ ಮೇಷ್ಟ್ರು ಪ್ರಯೋಗ ಮಾಡೋರು, ಹುಡುಗರು ಬೆಂಚಿನ ಮೇಲೆ ಕೂತು ನೋಡೋರು. ಲೀಬಿಗ್ ಹುಡುಗರನ್ನೇ ಬೆಂಚಿನಿಂದ ಎಬ್ಬಿಸಿ ಒಲೆಯ ಮುಂದೆ ನಿಲ್ಲಿಸಿದರು.

ಒಂದು ವಸ್ತುವಿನಲ್ಲಿ ಇಂಗಾಲ ಎಷ್ಟಿದೆ ಅಂತ ಅಳೆಯೋದು ಆಗ ನುರಿತವರಿಗೂ ಬೆವರಿಳಿಸುವ ಕೆಲಸ. 1831ರಲ್ಲಿ ಲೀಬಿಗ್ ಅದಕ್ಕೊಂದು ಉಪಕರಣ ಮಾಡಿದರು. ತ್ರಿಕೋನದ ಹಾಗೆ ಬಾಗಿಸಿದ ಗಾಜಿನ ಕೊಳವೆ, ಅದರಲ್ಲಿ ಐದು ಬುರುಡೆ, ಒಳಗೆ ಪೊಟ್ಯಾಷ್ ದ್ರಾವಣ. ವಸ್ತುವನ್ನು ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್ ಗುಳುಗುಳು ಅಂತ ಆ ಬುರುಡೆಗಳ ಮೂಲಕ ಹಾಯುತ್ತದೆ, ದ್ರಾವಣ ಅದನ್ನು ಹೀರಿಕೊಳ್ಳುತ್ತದೆ. ಮೊದಲೊಮ್ಮೆ ತೂಗಿ, ಆಮೇಲೊಮ್ಮೆ ತೂಗಿ. ಜಾಸ್ತಿಯಾದ ತೂಕದಲ್ಲಿ ನಿಮ್ಮ ಇಂಗಾಲದ ಲೆಕ್ಕ ಇದೆ. ಅಷ್ಟೇ! ದೊಡ್ಡ ವಿಜ್ಞಾನಿಗಳ ಕೆಲಸ ಈಗ ವಿದ್ಯಾರ್ಥಿಯ ಕೈಗೆ ಬಂತು. ಪುಸ್ತಕದ ಕೊನೇ ಪುಟದಲ್ಲಿ ಉತ್ತರ ಇಲ್ಲದ ಲೆಕ್ಕ ಅವರಿಗೆ ಸಿಕ್ಕಿತು.

ಆಮೇಲೆ ಏನಾಯಿತು ಕೇಳಿ. ವಾಸ್ತುಶಿಲ್ಪ ಓದಲು ಗೀಸನ್‌ಗೆ ಬಂದಿದ್ದ ಆಗಸ್ಟ್ ಕೆಕುಲೆ, ಲೀಬಿಗ್ ಪಾಠ ಕೇಳಿ ದಾರಿ ಬದಲಿಸಿದರು. 1865ರಲ್ಲಿ ಬೆಂಜೀನ್ ಅನ್ನೋ ರಾಸಾಯನಿಕದ ಅಣು ಉಂಗುರದ ಆಕಾರದಲ್ಲಿದೆ ಅಂತ ಹೇಳಿದವರು ಇವರೇ. ಇನ್ನೊಬ್ಬ ಶಿಷ್ಯ ಹಾಫ್‌ಮನ್ 1845ರಲ್ಲಿ ಲಂಡನ್‌ಗೆ ಹೋಗಿ ಇದೇ ಪದ್ಧತಿ ಶುರು ಮಾಡಿದರು. ಅವರ ಕೈಕೆಳಗೆ ಕಲಿಯುತ್ತಿದ್ದ ವಿಲಿಯಂ ಪರ್ಕಿನ್ 1856ರಲ್ಲಿ, ರಜೆಯಲ್ಲಿ, ಮಲೇರಿಯಾ ಔಷಧಿ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಕಂಡುಹಿಡಿದರು. ವಯಸ್ಸು 18! ಕೃತಕ ಬಣ್ಣಗಳ ಉದ್ಯಮ ಬೆಳೆದದ್ದು ಅಲ್ಲಿಂದ. ಇವರು ಯಾರೂ ಪಿಎಚ್‌ಡಿ ಮುಗಿಯಲಿ, ಆಮೇಲೆ ಹುಡುಕೋಣ ಅಂತ ಕೂರಲಿಲ್ಲ.

ಇದಕ್ಕೆ ಎದುರು ಉದಾಹರಣೆಯೂ ಇದೆ. 1836ರಲ್ಲಿ ಹುಟ್ಟಿದ ಲಂಡನ್ ವಿಶ್ವವಿದ್ಯಾಲಯದ ಕೆಲಸ ಮೊದಮೊದಲು ಪರೀಕ್ಷೆ ನಡೆಸಿ ಪದವಿ ಕೊಡೋದಷ್ಟೇ. ಪಾಠ ನಡೆಯುತ್ತಿದ್ದದ್ದು ಕಾಲೇಜುಗಳಲ್ಲಿ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸ್‌ಗಳಲ್ಲಿ ಕಟ್ಟಿದ್ದು ಇದೇ ಅಚ್ಚಿನಲ್ಲಿ. ಪರೀಕ್ಷೆಯೇ ವಿಶ್ವವಿದ್ಯಾಲಯ ಅನ್ನೋ ಭ್ರಮೆಯಿಂದ ಹೊರಬರಲು ಎಷ್ಟು ತಿಣುಕಬೇಕಾಯಿತು!

ಗ್ರಂಥಾಲಯ, ಅನುದಾನ, ಪಿಎಚ್‌ಡಿ ಮಾರ್ಗದರ್ಶಕರು, ಇವುಗಳ ಬಗ್ಗೆಯೂ ಬರೆದುಕೊಂಡು ಬಂದಿದ್ದೆ. ಲೀಬಿಗ್ ಅವರೇ ಸಮಯ ತಿಂದುಬಿಟ್ಟರು, ಇರಲಿ. ಒಂದನ್ನು ಮಾತ್ರ ಬಿಡೋ ಹಾಗಿಲ್ಲ. ಅಮೆರಿಕದ ಎಂಐಟಿಯಲ್ಲಿ 1969ರಿಂದ ಬ್ಯಾಚುಲರ್ ಪದವಿಯ ಮಕ್ಕಳನ್ನೂ ಸಂಶೋಧನೆಗೆ ಸೇರಿಸಿಕೊಳ್ಳುವ ಕಾರ್ಯಕ್ರಮ ಇದೆ. ಹುಡುಗರಿಗೆ ಇದೆಲ್ಲ ಯಾಕೆ ಸಾರ್ ಅನ್ನೋರಿಗೆ ನಾನು ಇದನ್ನೇ ತೋರಿಸೋದು.

ಈಗ ನೀವು ಮಾಡಬೇಕಾದದ್ದು. ಸೀಟು ವಿಚಾರಿಸಲು ಹೋದಾಗ ಕೆಲಸ ಸಿಗುತ್ತಾ ಅಂತ ಖಂಡಿತ ಕೇಳಿ, ತಪ್ಪಿಲ್ಲ. ಅದೊಂದನ್ನೇ ಕೇಳಿ ಬರಬೇಡಿ. ಲ್ಯಾಬ್ ತೋರಿಸಿ ಅನ್ನಿ. ಗಾಜಿನ ಸಾಮಾನಿನ ಮೇಲೆ ಧೂಳು ಕೂತಿದೆಯಾ ನೋಡಿ. ಪಾಠ ಮಾಡುವವರು ಈಗ ಏನನ್ನು ಹುಡುಕುತ್ತಿದ್ದಾರೆ ಅಂತ ವಿಚಾರಿಸಿ. ಕೊನೇ ವರ್ಷದ ಮಕ್ಕಳ ಪ್ರಾಜೆಕ್ಟ್ ವರದಿಗಳನ್ನು ತೆಗೆಸಿ ನೋಡಿ. ವರ್ಷ ವರ್ಷ ಅದೇ ವಿಷಯ, ಅದೇ ಉತ್ತರ, ಹೆಸರು ಮಾತ್ರ ಬೇರೆ ಇದ್ದರೆ ಸುಮ್ನೆ ಎದ್ದು ಬನ್ನಿ. ನಮಸ್ಕಾರ.