ಎಂಟು ಹಾಕುವ ಮೊದಲು

ಕೇಳುಗರಿಗೆ ನಮಸ್ಕಾರ.

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ ಯಾರನ್ನು ಕೇಳಿದರೂ ಬೈಕಿನ ಲೈಸೆನ್ಸ್ ಎಂದರೆ ‘ಎಂಟು ಹಾಕುವುದು’. ಮೈದಾನದಲ್ಲಿ 8ರ ಆಕಾರಕ್ಕೆ ಕಂಬಿಗಳನ್ನು ನಿಲ್ಲಿಸಿರುತ್ತಾರೆ. ಕಾಲು ಊರದೆ, ಕಂಬಿಗೆ ತಾಗಿಸದೆ ಅದರೊಳಗೆ ಸುತ್ತಿ ಹೊರಗೆ ಬರಬೇಕು. ತೋಟದ ದಾರಿಯಲ್ಲಿ ಸರಾಗ ಬೈಕ್ ಬಿಡುವ ಹುಡುಗರೂ ಇಲ್ಲಿ ಕಾಲು ಊರುವುದುಂಟು.

ಯಾಕೆಂದರೆ ಸ್ವಲ್ಪ ವೇಗವಿದ್ದರೆ ಬೈಕ್ ತನ್ನ ಸಮತೋಲವನ್ನು ಬಹುಪಾಲು ತಾನೇ ನೋಡಿಕೊಳ್ಳುತ್ತದೆ. ಎಡಕ್ಕೆ ವಾಲಿದರೆ ಮುಂದಿನ ಚಕ್ರ ತಾನಾಗಿ ಎಡಕ್ಕೆ ತಿರುಗುತ್ತದೆ, ಗಾಡಿ ನೆಟ್ಟಗಾಗುತ್ತದೆ. ನಡಿಗೆಯ ವೇಗಕ್ಕೆ ಇಳಿಯಿತೋ, ಆ ಕೆಲಸ ಪೂರ್ತಿ ಸವಾರನ ತಲೆಗೆ ಬೀಳುತ್ತದೆ. ಅಡಿಕೆ ಕೊಯ್ಯುವ ದೋಟಿಯನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿ ನೋಡಿ. ಅದು ಯಾವ ಕಡೆಗೆ ವಾಲುತ್ತದೋ ಆ ಕಡೆಗೇ ಕೈ ಓಡಬೇಕು. ಬೈಕಿನಲ್ಲಿ ಹ್ಯಾಂಡಲಿನ ಕೆಲಸವೂ ಅದೇ. ಹಾಗಾಗಿ ಮೊಣಕೈ ಸಡಿಲವಿರಲಿ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದವನು ಅದಕ್ಕೆ ತಿರುಗಲಿಕ್ಕೇ ಬಿಡುವುದಿಲ್ಲ. ಬಿಗಿ ಬೇಕಾದದ್ದು ಮೊಣಕಾಲಿನಲ್ಲಿ, ಟ್ಯಾಂಕನ್ನು ಒತ್ತಿ ಹಿಡಿಯಲು.

ಇನ್ನು ಕ್ಲಚ್. ನನ್ನನ್ನು ಕೇಳಿದರೆ ಎಂಟರ ಮುಕ್ಕಾಲು ಪಾಲು ಪರೀಕ್ಷೆ ಎಡಗೈಯದ್ದು. ಲಿವರನ್ನು ಮೆಲ್ಲ ಬಿಡುತ್ತಾ ಬಂದರೆ ಒಂದು ಕಡೆ ಇಂಜಿನಿನ ಸದ್ದು ತುಸು ತಗ್ಗಿ ಗಾಡಿ ಮುಂದಕ್ಕೆ ಎಳೆಯಲು ಶುರುಮಾಡುತ್ತದೆ. ಅದೇ ಹಾಫ್ ಕ್ಲಚ್. ಅಲ್ಲಿಂದ ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಬೆರಳು ಆಡಿಸುತ್ತಾ ವೇಗ ಹಿಡಿಯಬೇಕು. ಆಕ್ಸಿಲರೇಟರ್ ಒಂದೇ ಮಟ್ಟದಲ್ಲಿರಲಿ. ಜೊತೆಗೆ ಹಿಂದಿನ ಬ್ರೇಕನ್ನು ಬಲಗಾಲಿನಿಂದ ಹಗುರವಾಗಿ ಒತ್ತಿಕೊಂಡಿರಿ. ಇಂಜಿನ್ ಎಳೆಯುತ್ತಿರುವಾಗ ಬ್ರೇಕ್ ತಡೆದರೆ ಗಾಡಿ ಕುಲುಕದೆ ಸಾಗುತ್ತದೆ. ಕ್ಲಚ್ ಪ್ಲೇಟ್ ಸವೆದುಹೋಗುತ್ತದೆ ಎಂದು ಹೆದರುವವರಿದ್ದಾರೆ. ನಮ್ಮಲ್ಲಿ ಓಡುವ ಹೆಚ್ಚಿನ ಬೈಕುಗಳ ಕ್ಲಚ್ ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ, ಸ್ವಲ್ಪ ಹೊತ್ತಿನ ಅಭ್ಯಾಸಕ್ಕೆ ಅದು ಕೆಡುವುದಿಲ್ಲ. ಮುಂದಿನ ಬ್ರೇಕನ್ನು ಮಾತ್ರ ಮುಟ್ಟಬೇಡಿ. ಹ್ಯಾಂಡಲ್ ತಿರುಗಿದ್ದಾಗ ಅದನ್ನು ಹಿಡಿದರೆ ಮುಂಭಾಗ ಕುಸಿದು ಗಾಡಿ ತಿರುವಿನ ಒಳಬದಿಗೆ ಮಗುಚುತ್ತದೆ.

2024ರಲ್ಲಿ ಕೇರಳದ ಮೋಟಾರು ವಾಹನ ಇಲಾಖೆ ಕೈಗೇರಿನ ಗಾಡಿಗಳನ್ನು ಈ ಪರೀಕ್ಷೆಯಿಂದ ತೆಗೆಯಿತು. ಅಲ್ಲಿಯವರೆಗೆ ಕೈಗೇರಿನ ಹಗುರ ಗಾಡಿ ಎಂ80 ಏರಿ ಎಂಟು ಹಾಕಿ, ಮರುದಿನ ಬುಲೆಟ್ ಹತ್ತಲು ಅಡ್ಡಿಯಿರಲಿಲ್ಲ! ಡ್ರೈವಿಂಗ್ ಶಾಲೆಯವರು ಗೊಣಗಿದರೂ ಆ ಬದಲಾವಣೆ ಸರಿಯೆಂದೇ ನನ್ನ ಅನಿಸಿಕೆ. ಮುಂದೆ ಓಡಿಸುವುದು ಕಾಲ್ಗೇರಿನ ಬೈಕನ್ನಾದರೆ ಪರೀಕ್ಷೆಯೂ ಅದರಲ್ಲೇ ನಡೆಯಲಿ.

ಅಭ್ಯಾಸಕ್ಕೆ ಜಾಗ ಎಲ್ಲಿ? ಮನೆಯಂಗಳವಂತೂ ದೀಪಾವಳಿ ಕಳೆದ ಮೇಲೆ ಅಡಿಕೆಯ ವಶ. ಅಲ್ಲಿ ಬೈಕ್ ತಿರುಗಿಸಿದರೆ ಅಜ್ಜಿ ಬಿಟ್ಟಾರೆಯೇ? ಮಳೆಗಾಲದಲ್ಲಿ ಹಾವಸೆ ಕಟ್ಟಿ ಜಾರುತ್ತದೆ. ಗುಡ್ಡದ ಮೇಲಿನ ಮುರಕಲ್ಲಿನ ಬಯಲೇ ಒಳ್ಳೆಯದು, ಸಡಿಲ ಜಲ್ಲಿ ಇರಬಾರದು ಅಷ್ಟೆ. ಹೋದ ಕೂಡಲೇ ಎಂಟು ಹಾಕಲು ಹೊರಡಬೇಡಿ. ಮೊದಲು ನೇರ ಗೆರೆಯಲ್ಲಿ, ಪಕ್ಕದಲ್ಲಿ ನಡೆಯುವವರಿಗಿಂತಲೂ ನಿಧಾನವಾಗಿ ಬಿಡಿ. ಅದು ಬಂದ ಮೇಲೆ ದೊಡ್ಡ ವೃತ್ತ, ಮತ್ತೆ ಅದನ್ನೇ ಕಿರಿದು ಮಾಡುತ್ತಾ ಬನ್ನಿ. ಹೆಚ್ಚಿನವರಿಗೆ ಒಂದು ಬದಿಯ ತಿರುವು ಸುಲಭ, ಇನ್ನೊಂದು ಕಷ್ಟ. ಕಷ್ಟದ ಬದಿಗೇ ಹೆಚ್ಚು ಸಮಯ ಕೊಡಿ.

ಬಿಗಿ ತಿರುವಿನಲ್ಲಿ ಬೈಕ್ ಒಳಕ್ಕೆ ವಾಲಲಿ, ನಿಮ್ಮ ಮೈ ನೆಟ್ಟಗೆ, ತುಸು ಹೊರಬದಿಗೇ ಇರಲಿ. ಕಣ್ಣು ಚಕ್ರದ ಬುಡದಲ್ಲಿದ್ದರೆ ಆಗದು. ಕಂಬಿ ನೋಡಿದವನ ಗಾಡಿ ಕಂಬಿಗೇ ಹೋಗುತ್ತದೆ. ಎಡವುವುದು ಹೆಚ್ಚಾಗಿ ಎಂಟರ ನಡುವಿನ ಕೂಡುದಾರಿಯಲ್ಲಿ, ತಿರುವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಗುವಲ್ಲಿ. ಅಲ್ಲಿಗೆ ಮುಟ್ಟುವ ಮೊದಲೇ ಕತ್ತು ತಿರುಗಿಸಿ ಮುಂದಿನ ಸುತ್ತಿನ ತುದಿಯನ್ನು ನೋಡಿ.

ಪರೀಕ್ಷೆಗೆ ಶಾಲೆಯ ಬೈಕ್ ಆದರೆ ಸರದಿ ಬರುವ ಮೊದಲು ಅದರ ಹಾಫ್ ಕ್ಲಚ್ ಎಲ್ಲಿದೆಯೆಂದು ನೋಡಿಕೊಳ್ಳಿ, ಕೇಬಲಿನ ಸಡಿಲ ಒಂದೊಂದು ಗಾಡಿಗೆ ಒಂದೊಂದು ತರ. ಐಡ್ಲಿಂಗ್ ತೀರಾ ಕಡಿಮೆಯಿದ್ದು ಇಂಜಿನ್ ಆಫ್ ಆಗುವಂತಿದ್ದರೆ ಕಲಿಸುವವರಿಗೆ ಆಗಲೇ ಹೇಳಿ.

ನಮಸ್ಕಾರ.